ಮಗು ರೊಟ್ಟಿ ಕೇಳಿದಾಗ

ಹಸಿದ ಮಗುವಿನ ಕೈಗೆ ರೊಟ್ಟಿಯ ಬದಲು ಕಲ್ಲನ್ನಿಡುವ ತಂದೆ ಇರಲಾರನೆಂಬ ಭರವಸೆಯ ಮೇಲೆಯೇ ಪ್ರಭು ಯೇಸು ಪರಮಪಿತನ ಔದಾರ್ಯವನ್ನು ನಮಗೆ ತಿಳಿಸಿಕೊಟ್ಟರು. ಕಲ್ಲು ಎಂದರೇನೆಂದು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಹಾಬಾದಿನ ಹಾಸುಗಲ್ಲಿನ ಮೇಲೆ ನಮ್ಮ ಮಕ್ಕಳು ಅಂಬೆಗಾಲಿಡುತ್ತಾರೆ. ವಾಡಿಯಲ್ಲಿ, ಸೇಡಂನಲ್ಲಿ ಸುಣ್ಣದ ಕಲ್ಲು ಸಿಮೆಂಟಾಗಿ ಹೋಗುವುದನ್ನು ನೋಡುತ್ತ ಬೆಳೆಯುತ್ತಾರೆ. ಜೋಳದ ರೊಟ್ಟಿಯ ರುಚಿಯನ್ನೂ ಅವರು ಬಲ್ಲರು. ಕಲ್ಲಿಗೂ ರೊಟ್ಟಿಗೂ ಇರುವ ಅಂತರವನ್ನರಿಯದ ತಾಯಿ ಚಿತ್ತಾಪುರದಿಂದ ಚಿಂಚೋಳಿಯವರೆಗೆ ಹುಡುಕಿದರೂ ಸಿಗಲಾರಳು. ಆದರೆ ಹೊಟ್ಟೆಯಂತೆಯೇ ಮಗುವಿನ ಕಣ್ಣಿಗೂ ಹಸಿವಿದೆ. ಆ ಕಣ್ಣು ಚಿತ್ರವನ್ನು ಬೇಡಿದಾಗ ನಾವು ಕೊಡುತ್ತಿರುವುದು ರೊಟ್ಟಿಯೋ ಕಲ್ಲೋ ಎಂದು ಅಷ್ಟೇ ಖಚಿತವಾಗಿ ಹೇಳಬಲ್ಲೆವೇ? ಅದರ ಮೇಲೆ ದೇವರ ಹೆಸರು ಬರೆದಿದೆ ಎಂಬ ಒಂದೇ ಕಾರಣಕ್ಕೆ ಕಲ್ಲು ರೊಟ್ಟಿಯಾಗುವುದೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ, ನನ್ನದೇ ತಪ್ಪಿನಿಂದ ಬಂದದ್ದು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ತಪಸ್ಸುಕಾಲದ ಒಂದು ಸಂಜೆ, ದೇವಾಲಯದ ಅಂಗಳದಲ್ಲಿ ಬಿಳಿಯ ಬಟ್ಟೆ ಕಟ್ಟಿ ಪ್ರಭುವಿನ ಯಾತನೆ ಮರಣಗಳ ಚಲನಚಿತ್ರವೊಂದನ್ನು ತೋರಿಸಿದರು. ಆರು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ನಾನು ಅತ್ತೆ, ಭಕ್ತಿಯಿಂದಲೇ ಅತ್ತೆ. ಮನೆಗೆ ಬರುವ ದಾರಿಯಲ್ಲಿ ಅವಳು, "ಅವರನ್ನು ಯಾಕೆ ಅಷ್ಟೊಂದು ಹೊಡೆದರು?" ಎಂದು ಕೇಳಿದಳು. ನನಗೆ ಯಾರೋ ಹೇಳಿಕೊಟ್ಟಿದ್ದ ಉತ್ತರವನ್ನೇ ಹೇಳಿದೆ: "ನಮ್ಮೆಲ್ಲರ ಪಾಪಗಳಿಗಾಗಿ. ನಿನ್ನ ಪಾಪಗಳಿಗಾಗಿಯೂ." ಅವಳು ಮತ್ತೇನೂ ಕೇಳಲಿಲ್ಲ. ಆದರೆ ಮುಂದಿನ ಭಾನುವಾರಗಳಲ್ಲಿ ದೇವಾಲಯದ ಶಿಲುಬೆಯ ಎದುರು ಹೋಗಲು ಒಲ್ಲದಾದಳು. ಬಲವಂತಪಡಿಸಿದ ಒಂದು ದಿನ ಬಿಕ್ಕುತ್ತ ಹೇಳಿದ್ದು ಇಷ್ಟೇ: ಹಿಂದೆ ಬೆಲ್ಲ ಕದ್ದು ತಿಂದು ಸುಳ್ಳು ಹೇಳಿದ್ದಳಂತೆ; ಅದಕ್ಕಾಗಿಯೇ ಅವರು ಯೇಸುವನ್ನು ಹೊಡೆದರಂತೆ.

ನಾನು ಆಡಿದ ಮಾತು ಧರ್ಮಸಿದ್ಧಾಂತಕ್ಕೆ ವಿರುದ್ಧವಾಗಿರಲಿಲ್ಲ. ಆ ಚಿತ್ರದಲ್ಲಿಯೂ ಶುಭಸಂದೇಶಕ್ಕೆ ವಿರುದ್ಧವಾದುದೇನೂ ಇರಲಿಲ್ಲ. ಆದರೂ ಆ ಮಗುವಿನ ಕೈಗೆ ಬಿದ್ದದ್ದು ಕಲ್ಲು.

ಕಲ್ಲಿನಲ್ಲಿ ಬರೆದ ಕಥೆ

ಚಿತ್ರದ ಮೂಲಕ ಧರ್ಮವನ್ನು ಹೇಳುವುದು ಈಚಿನ ಚಟವಲ್ಲ. ಅದಕ್ಕೆ ಸಾಕ್ಷಿ ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲಿಯೇ ಇದೆ. ಭೀಮಾ ತೀರದಲ್ಲಿ, ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, ಭಾರತೀಯ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಉತ್ಖನನ ನಡೆಸಿದಾಗ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಬೌದ್ಧ ಮಹಾಸ್ತೂಪವೊಂದು ಬೆಳಕಿಗೆ ಬಂತು. ಸುಣ್ಣದ ಕಲ್ಲಿನ ಹಲಗೆಗಳ ಮೇಲೆ ಬುದ್ಧನ ಜೀವನವನ್ನೂ ಜಾತಕ ಕಥೆಗಳನ್ನೂ ಕೆತ್ತಿ, ಅಡಿಯಲ್ಲಿ ಬ್ರಾಹ್ಮೀ ಲಿಪಿಯ ಚಿಕ್ಕ ಬರಹಗಳನ್ನು ಇಟ್ಟಿದ್ದಾರೆ. ಸಾಮ್ರಾಟ್ ಅಶೋಕನ ಹೆಸರು ಬರೆದ ಅವನ ಶಿಲ್ಪವೂ ಅಲ್ಲಿ ದೊರೆತಿದೆ. ಚಿತ್ರ, ಅದರ ಕೆಳಗೊಂದು ಸಾಲು: ಇಂದಿನ ಮಕ್ಕಳ ಚಿತ್ರಪುಸ್ತಕದ ಕ್ರಮವೇ ಅದು. ಅಲ್ಲಿನ ಎಷ್ಟೋ ದೃಶ್ಯಗಳಲ್ಲಿ ಬುದ್ಧನು ಮನುಷ್ಯರೂಪದಲ್ಲಿ ಕಾಣುವುದಿಲ್ಲ. ಬರಿದಾದ ಆಸನ, ಬೋಧಿವೃಕ್ಷ, ಪಾದದ ಗುರುತು, ಇಷ್ಟೇ ಅವನ ಇರುವನ್ನು ಸೂಚಿಸುತ್ತವೆ. ಪೂಜ್ಯವಾದುದನ್ನು ಎಷ್ಟು ತೋರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆ ಶಿಲ್ಪಿಗಳು ಯೋಚಿಸಿದ್ದರು.

ನಮ್ಮ ಧರ್ಮಸಭೆಯಲ್ಲಿಯೂ ಇದೇ ಚಿಂತನೆ ನಡೆದಿದೆ. ಕ್ರಿ.ಶ. 600ರ ಸುಮಾರಿಗೆ ಮಾರ್ಸೇ ನಗರದ ಧರ್ಮಾಧ್ಯಕ್ಷ ಸೆರೆನುಸ್ ತನ್ನ ದೇವಾಲಯದ ಚಿತ್ರಗಳನ್ನು ಒಡೆಸಿಹಾಕಿದಾಗ, ಸಂತ ಮಹಾ ಗ್ರೆಗೋರಿಯವರು ಅವನಿಗೆ ಪತ್ರ ಬರೆದರು. ಜನರು ಚಿತ್ರಗಳನ್ನೇ ಆರಾಧಿಸದಂತೆ ತಡೆದದ್ದು ಸರಿ, ಆದರೆ ಅವುಗಳನ್ನು ಒಡೆದದ್ದು ತಪ್ಪು. ಓದುಬಲ್ಲವರಿಗೆ ಗ್ರಂಥ ಏನನ್ನು ಕೊಡುವುದೋ ಓದುಬಾರದವರಿಗೆ ಚಿತ್ರ ಅದನ್ನೇ ಕೊಡುವುದು ಎಂಬುದು ಅವರ ಅಭಿಪ್ರಾಯದ ಸಾರ. ಅದಾದ ಒಂದು ಸಾವಿರ ವರ್ಷಗಳ ಮೇಲೆ, 1658ರಲ್ಲಿ, ಮೊರೇವಿಯದ ಕೊಮೇನಿಯಸ್ ಎಂಬ ಧರ್ಮಾಧ್ಯಕ್ಷ, ಶಿಕ್ಷಣತಜ್ಞ, ಮಕ್ಕಳಿಗಾಗಿಯೇ ಚಿತ್ರಗಳಿಂದ ತುಂಬಿದ ಪಾಠಪುಸ್ತಕವನ್ನು ಅಚ್ಚು ಹಾಕಿಸಿದ. ಮಕ್ಕಳ ಚಿತ್ರಪುಸ್ತಕಗಳ ವಂಶಾವಳಿಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಎಣಿಸುತ್ತಾರೆ.

ಗ್ರೆಗೋರಿಯವರ ಮಾತಿನಲ್ಲಿ ಅಡಗಿರುವ ಹೊಣೆಯನ್ನು ಗಮನಿಸಿರಿ. ಓದುಬಾರದವನಿಗೆ ಚಿತ್ರವೇ ಗ್ರಂಥವಾದರೆ, ಆ ಚಿತ್ರದಲ್ಲಿರುವುದನ್ನು ಅವನು ಬೇರೆಡೆ ಓದಿ ತಾಳೆ ನೋಡಲಾರ. ಓದುಬಾರದವರಲ್ಲಿ ಎಲ್ಲರಿಗಿಂತ ಚಿಕ್ಕದು ಮಗು. ದೊಡ್ಡವರಾದ ನಾವು ಚಿತ್ರದ ಹೊರಗೆ ನಿಂತು, "ಇದು ನಟನೆ, ಇದು ಬಣ್ಣ" ಎಂದು ಹೇಳಿಕೊಳ್ಳಬಲ್ಲೆವು. ನಾಲ್ಕು ವರ್ಷದ ಮಗುವಿಗೆ ಹೊರಗೆ ನಿಲ್ಲಲು ಜಾಗವೇ ಇಲ್ಲ.

ಹೇಳದಿರುವುದು ಮತ್ತು ಸುಳ್ಳು ಹೇಳುವುದು

ಹಾಗಾದರೆ ಮಕ್ಕಳಿಗೆ ನೋವಿನದೇನನ್ನೂ ತೋರಿಸಬಾರದೇ? ಬರೀ ನಗುವ ಚಿತ್ರಗಳೇ ಸಾಕೇ? ಇದು ಇನ್ನೊಂದು ಬಗೆಯ ತಪ್ಪೆಂದು ನನಗೆ ಕಲಿಸಿದವನು ಧರ್ಮೋಪದೇಶ ತರಗತಿಯ ಒಬ್ಬ ಹುಡುಗ. ನೋಹನ ನಾವೆಯ ಚಂದದ ಪುಸ್ತಕವೊಂದನ್ನು ತೋರಿಸುತ್ತಿದ್ದೆ. ಜಿರಾಫೆ ಕಿಟಕಿಯಿಂದ ಕತ್ತು ಹೊರಹಾಕಿ ನಗುತ್ತಿತ್ತು, ಆನೆ ಸೊಂಡಿಲಿನಿಂದ ನೀರು ಚಿಮ್ಮಿಸುತ್ತಿತ್ತು. ಹುಡುಗ ಪುಟಗಳನ್ನು ಹಿಂದಕ್ಕೆ ತಿರುವಿ, ಮುಂದಕ್ಕೆ ತಿರುವಿ ನೋಡಿ ಕೇಳಿದ: "ಉಳಿದವರೆಲ್ಲ ಎಲ್ಲಿ ಹೋದರು?" 2020ರ ಅಕ್ಟೋಬರ್‌ನಲ್ಲಿ ಭೀಮೆಯೂ ಕಾಗಿಣೆಯೂ ಉಕ್ಕಿ ಹರಿದದ್ದನ್ನು, ಮಳಖೇಡದಲ್ಲಿ ನೀರು ನುಗ್ಗಿದ್ದನ್ನು ಕಂಡ ಸೀಮೆಯ ಮಗುವಿಗೆ, ನೆರೆ ಎಂದರೆ ನಗುವ ಆನೆಯಲ್ಲ. ಪುಸ್ತಕ ಮರೆಮಾಡಿದ್ದನ್ನು ಅವನು ಕಂಡುಹಿಡಿದಿದ್ದ.

ಇಲ್ಲಿ ಒಂದು ಸೂಕ್ಷ್ಮವಾದ ಅಂತರವನ್ನು ನಾವು ಮನಗಾಣಬೇಕು. ಮಗುವಿಗೆ ಈಗ ಬೇಡವಾದುದನ್ನು ಮುಂದಕ್ಕೆ ಎತ್ತಿಡುವುದು ಬೇರೆ, ಮುಂದೆ ಅಳಿಸಬೇಕಾಗುವ ಸುಳ್ಳನ್ನು ಈಗ ತುಂಬುವುದು ಬೇರೆ. ಮೊದಲನೆಯದು ಹಾಲೂಡಿಸುವ ತಾಯಿಯ ವಿವೇಕ, ಎರಡನೆಯದು ವಂಚನೆ. "ನೆರೆ ಬಂತು, ಜನರಿಗೆ ಬಹಳ ಕಷ್ಟವಾಯಿತು, ದೇವರು ನೋಹನ ಮನೆಯವರನ್ನು ಕಾಪಾಡಿ, ಮತ್ತೆ ಹೀಗೆ ಮಾಡೆನೆಂದು ಮಾತು ಕೊಟ್ಟರು" ಎಂದು ಹೇಳುವ ಪುಸ್ತಕ ಎಲ್ಲವನ್ನೂ ಹೇಳಿಲ್ಲ, ಆದರೆ ಸುಳ್ಳಾಡಿಲ್ಲ. ಅದರ ಮೇಲೆ ಹತ್ತನೆಯ ವಯಸ್ಸಿನಲ್ಲಿ ಇನ್ನಷ್ಟು, ಇಪ್ಪತ್ತನೆಯ ವಯಸ್ಸಿನಲ್ಲಿ ಮತ್ತಷ್ಟು ಕಟ್ಟಬಹುದು. ನೆರೆಯನ್ನು ಜಾತ್ರೆಯಂತೆ ತೋರಿಸಿದ ಪುಸ್ತಕದ ಮೇಲೆ ಏನನ್ನೂ ಕಟ್ಟಲಾಗದು. ಒಂದು ದಿನ ಮಗು ಅದನ್ನು ಬಿಸಾಡುತ್ತದೆ. ಅದರೊಂದಿಗೆ ಇನ್ನೇನೇನನ್ನು ಬಿಸಾಡುವುದೋ ಬಲ್ಲವರಾರು?

ಶಿಲುಬೆಯ ವಿಷಯವೂ ಹೀಗೆಯೇ. ಅದನ್ನು ಮಕ್ಕಳಿಂದ ಮರೆಮಾಡಲಾಗದು. ನಮ್ಮ ಪ್ರತಿಯೊಂದು ದೇವಾಲಯದ ನಡುವೆ ಅದು ನಿಂತಿದೆ. ಆದರೆ ಗೋಡೆಯ ಶಿಲುಬೆ ಮೌನವಾಗಿ ಕಾಯುತ್ತದೆ. ಮಗು ಬೇಕಾದಾಗ ನೋಡಿ, ಬೇಡವಾದಾಗ ತಾಯಿಯ ಸೆರಗಿನತ್ತ ತಿರುಗಬಹುದು. ಪುಸ್ತಕವೂ ಕಾಯುತ್ತದೆ. ಪುಟ ತಿರುವುವ ಅಧಿಕಾರ ಮಗುವಿನ ಬೆರಳಿನಲ್ಲಿದೆ, ಭಯವಾದರೆ ಮುಚ್ಚಬಹುದು, ಇಷ್ಟವಾದುದಕ್ಕೆ ಇಪ್ಪತ್ತು ಬಾರಿ ಮರಳಬಹುದು. ಚಲನಚಿತ್ರ ಕಾಯುವುದಿಲ್ಲ. ಅದು ತನ್ನ ವೇಗದಲ್ಲಿ ಮಗುವನ್ನು ಎಳೆದೊಯ್ಯುತ್ತದೆ, ಸಂಗೀತದ ಬಲದಿಂದ ಎದೆ ಬಡಿಯುವಂತೆ ಮಾಡುತ್ತದೆ. ಆದುದರಿಂದ ಒಂದೇ ಕಥೆ ಪುಸ್ತಕದಲ್ಲಿ ರೊಟ್ಟಿಯಾಗಿ, ಪರದೆಯ ಮೇಲೆ ಕಲ್ಲಾಗಬಹುದು. 2004ರಲ್ಲಿ ತೆರೆಕಂಡ 'ದಿ ಪ್ಯಾಶನ್ ಆಫ್ ದ ಕ್ರೈಸ್ಟ್' ಚಿತ್ರವನ್ನು ಅಮೆರಿಕದಲ್ಲಿ 17 ವರ್ಷಕ್ಕಿಂತ ಕೆಳಗಿನವರು ಹಿರಿಯರ ಜೊತೆಯಿಲ್ಲದೆ ನೋಡುವಂತಿರಲಿಲ್ಲ. ಅದು ಪ್ರಭುವಿನ ಕುರಿತಾದ ಚಿತ್ರವೆಂಬುದು ನಿಜ, ಪುಟ್ಟ ಮಕ್ಕಳಿಗೆ ಸಲ್ಲದ್ದೆಂಬುದೂ ಅಷ್ಟೇ ನಿಜ. ನಮ್ಮ ದೇಶದಲ್ಲಿಯೂ 2023ರ ತಿದ್ದುಪಡಿಯ ನಂತರ ಚಲನಚಿತ್ರಗಳಿಗೆ 7, 13, 16 ವರ್ಷಗಳ ವಯೋಮಿತಿಯ ಗುರುತುಗಳು ಬಂದಿವೆ. ಬೇರೆ ಚಿತ್ರಗಳಿಗೆ ಆ ಗುರುತನ್ನು ನೋಡುವ ನಾವು ಭಕ್ತಿಚಿತ್ರಕ್ಕೆ ಮಾತ್ರ ನೋಡದಿರುವುದು ಯಾವ ನ್ಯಾಯ?

ಎಲ್ಲ ಚಿತ್ರಗಳೂ ಒಂದೇ ತೆರನಲ್ಲ. ತೆಲುಗು ಬಲ್ಲ ನಮ್ಮ ಗಡಿಭಾಗದ ಹಿರಿಯರಲ್ಲಿ ಕೆಲವರಿಗಾದರೂ 1978ರ 'ಕರುಣಾಮಯುಡು' ನೆನಪಿರಬಹುದು. ಎ. ಭೀಮಸಿಂಗ್ ನಿರ್ದೇಶಿಸಿ, ವಿಜಯಚಂದರ್ ಪ್ರಭುವಿನ ಪಾತ್ರ ವಹಿಸಿದ ಆ ಚಿತ್ರ, ಪ್ರಭುವು ನಮ್ಮ ಮಾತನ್ನೇ ಆಡುವುದನ್ನು ಹಳ್ಳಿಗರಿಗೆ ಕೇಳಿಸಿತು. 1979ರ 'ಜೀಸಸ್' ಚಿತ್ರ ಸಂತ ಲೂಕನ ಶುಭಸಂದೇಶವನ್ನು ಅನುಸರಿಸಿದ್ದು, ಕನ್ನಡವೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಲ್ಲಿ ಲಭ್ಯವಿದೆ. 1998ರ 'ದಿ ಪ್ರಿನ್ಸ್ ಆಫ್ ಈಜಿಪ್ಟ್' ಮೋಶೆಯ ಕಥೆಯನ್ನು ಗಂಭೀರವಾಗಿ ಹೇಳುತ್ತದೆ, ಕಥೆಯಲ್ಲಿ ತಾನು ಸ್ವಾತಂತ್ರ್ಯ ತೆಗೆದುಕೊಂಡಿರುವುದಾಗಿ ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತದೆ. ಆದರೆ ಚೊಚ್ಚಲ ಮಕ್ಕಳ ಮರಣದ ಭಾಗವನ್ನು ಐದು ವರ್ಷದ ಮಗು ತಾಳಲಾರದು. ನನಗೆ ಬಹಳ ಹಿಡಿಸಿದ್ದು 2000ದಲ್ಲಿ ಬಂದ 'ದಿ ಮಿರಾಕಲ್ ಮೇಕರ್'. ಬೊಂಬೆಗಳನ್ನು ಚಲಿಸಿ ಮಾಡಿದ ಈ ಚಿತ್ರ, ಯಾಯೀರನ ಕಾಯಿಲೆಯ ಮಗಳನ್ನು ಕಥೆಯ ಉದ್ದಕ್ಕೂ ನಮ್ಮ ಜೊತೆಗಿಡುತ್ತದೆ. ಪ್ರಭುವನ್ನು ಒಂದು ಮಗುವಿನ ಎತ್ತರದಿಂದ ನೋಡಿದಂತಾಗುತ್ತದೆ. ಅಲ್ಲಿಯೂ ಶಿಲುಬೆಯಿದೆ, ಆದರೆ ನೋವನ್ನು ರುಚಿನೋಡುವ ಆಸೆಯಿಲ್ಲ. ಹಾಗಿದ್ದರೂ ಅದು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೇ ಸರಿ.

ಯಾರ ಮುಖ ಕೆಟ್ಟದ್ದು?

ಇನ್ನೊಂದು ವಿಚಾರವನ್ನು ನಾವು ಅಪರೂಪವಾಗಿ ಗಮನಿಸುತ್ತೇವೆ. ಪುಸ್ತಕವನ್ನು ಕೊಳ್ಳುವ ಮುನ್ನ, ಅದರಲ್ಲಿ ಒಳ್ಳೆಯವರು ಹೇಗಿದ್ದಾರೆ, ಕೆಟ್ಟವರು ಹೇಗಿದ್ದಾರೆ ಎಂದು ನೋಡಿರಿ. ಎಷ್ಟೋ ಅಗ್ಗದ ಪುಸ್ತಕಗಳಲ್ಲಿ ಪ್ರಭುವಿಗೂ ದೇವದೂತರಿಗೂ ಬಿಳಿ ಮೈ, ನೀಲಿ ಕಣ್ಣು. ಯೂದಾಸನಿಗೂ ಸೈತಾನನಿಗೂ ಕಪ್ಪು ಮೈ, ಸೊಟ್ಟ ಮೂಗು. ಬಿಸಿಲಿನಲ್ಲಿ ಕಲ್ಲಿನ ಗಣಿಯಿಂದ ಮರಳುವ ಅಪ್ಪನ ಮೈಬಣ್ಣವನ್ನು ದಿನವೂ ಕಾಣುವ ಶಹಾಬಾದಿನ ಮಗು ಆ ಪುಟದಿಂದ ಏನನ್ನು ಕಲಿಯುತ್ತದೆ? ಬಾಯಿಂದ ನಾವು ಹೇಳಿಕೊಡುವ ಪಾಠ, ಎಲ್ಲರೂ ದೇವರ ಮಕ್ಕಳೆಂದು. ಬಣ್ಣ ಹೇಳಿಕೊಡುವ ಪಾಠ ಬೇರೆ. ಮಗು ನಂಬುವುದು ಬಣ್ಣವನ್ನು.

ಯೆಹೂದ್ಯರನ್ನು ಕ್ರೂರಿಗಳ ಗುಂಪಾಗಿ ಚಿತ್ರಿಸುವ ರೂಢಿಯೂ ಇಂಥದೇ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ, ಯೆಹೂದ್ಯರನ್ನು ದೇವರು ತಿರಸ್ಕರಿಸಿದ ಜನವೆಂಬಂತೆ ಬಿಂಬಿಸಕೂಡದೆಂದು ಸ್ಪಷ್ಟವಾಗಿ ಹೇಳಿದೆ. ಪ್ರಭುವೂ ಮಾತೆ ಮರಿಯಳೂ ಆ ಜನರಲ್ಲಿಯೇ ಹುಟ್ಟಿದವರು. ಹಾಗೆಯೇ, ನೆರೆಯವರ ಪೂಜೆಯನ್ನು ಅಣಕಿಸಿ ತನ್ನ ಭಕ್ತಿಯನ್ನು ಎತ್ತಿಹಿಡಿಯುವ ಚಿತ್ರಗಳೂ ನಮ್ಮ ಮನೆಗೆ ಬೇಡ. ಶರಣಬಸವೇಶ್ವರರ ಜಾತ್ರೆಗೂ ಬಂದೇನವಾಜರ ಉರುಸಿಗೂ ಹೋಗಿಬರುವ ಗೆಳೆಯರ ಜೊತೆ ನಮ್ಮ ಮಗು ಒಂದೇ ಬೆಂಚಿನಲ್ಲಿ ಕೂರುತ್ತದೆ. ದೇವರನ್ನು ಪ್ರೀತಿಸಲು ಕಲಿಸುವ ನೆಪದಲ್ಲಿ ಪಕ್ಕದವನನ್ನು ಕೀಳಾಗಿ ಕಾಣಲು ಕಲಿಸಿದ ಪುಸ್ತಕ, ಹೊದಿಕೆಯ ಮೇಲೆ ಶಿಲುಬೆಯಿದ್ದರೂ, ಕ್ರೈಸ್ತ ಪುಸ್ತಕವಲ್ಲ.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ದೇವರ ಹೆಸರಿಲ್ಲದ ಪುಸ್ತಕವೆಲ್ಲ ನಿರರ್ಥಕವಲ್ಲ. ಒಳ್ಳೆಯ ಸಮಾರಿಯದವನ ಸಾಮತಿಯನ್ನು ನೆನೆಯಿರಿ. ಪ್ರಭು ಹೇಳಿದ ಆ ಕಥೆಯೊಳಗೆ ದೇವರ ಹೆಸರೇ ಬರುವುದಿಲ್ಲ. ಒಂದು ದಾರಿ, ಒಬ್ಬ ಗಾಯಾಳು, ಒಂದು ಕತ್ತೆ, ಎರಡು ನಾಣ್ಯ, ಅಷ್ಟೇ. ಕಳೆದುಹೋದ ಮೇಕೆಮರಿಯನ್ನು ಅಜ್ಜಿ ಹುಡುಕಿ ತರುವ ಸರಳ ಚಿತ್ರಪುಸ್ತಕವೊಂದು, ಅವಸರದಲ್ಲಿ ಬರೆದ ಸಂತರ ಚರಿತ್ರೆಗಿಂತ ಚೆನ್ನಾಗಿ ಮಗುವನ್ನು ಒಳ್ಳೆಯ ಕುರಿಗಾಹಿಯ ಬಳಿಗೆ ಕರೆದೊಯ್ಯಬಹುದು. ಹಾಗೆಂದು ಧರ್ಮದ ಕಥೆಗಳೇ ಬೇಡವೆಂದಲ್ಲ. ಅಬ್ರಹಾಮನನ್ನೂ ರೂತಳನ್ನೂ ಅರಿಯದ ಮಗು ದೇವಾಲಯದಲ್ಲಿ ಅತಿಥಿಯಂತೆ ಕೂರುತ್ತದೆ. ಎರಡೂ ಬೇಕು, ಎರಡೂ ಒಳ್ಳೆಯವಾಗಿರಬೇಕು. 2007ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು ಮಕ್ಕಳು ಮತ್ತು ಮಾಧ್ಯಮದ ವಿಷಯವನ್ನೇ ಎತ್ತಿಕೊಂಡು, ಸೌಂದರ್ಯದಲ್ಲಿಯೂ ನೀತಿಯಲ್ಲಿಯೂ ಉತ್ತಮವಾದುದರ ಸಹವಾಸದಿಂದಲೇ ಮಕ್ಕಳಲ್ಲಿ ವಿವೇಚನೆ ಬೆಳೆಯುವುದೆಂಬ ಅರ್ಥದ ಮಾತನ್ನು ಹೇಳಿದ್ದರು. ಕಳಪೆಯಾದುದನ್ನು ದೇವರ ಹೆಸರಿನಲ್ಲಿ ಕೊಡುವುದು ದೇವರಿಗೂ ಮಗುವಿಗೂ ಅಗೌರವ.

ನಮ್ಮ ಊರುಗಳಲ್ಲಿ ಎಲ್ಲಿ ಸಿಗುತ್ತವೆ?

"ಇದೆಲ್ಲ ಬೆಂಗಳೂರಿನವರಿಗೆ ಸರಿ, ನಮ್ಮ ವಾಡಿಯಲ್ಲಿ, ಚಿಂಚೋಳಿಯಲ್ಲಿ ಪುಸ್ತಕದಂಗಡಿ ಎಲ್ಲಿದೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೂ ದಾರಿಗಳಿವೆ. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿಯೂ ಕಡಿಮೆ ಬೆಲೆಯ ಮಕ್ಕಳ ಪುಸ್ತಕಗಳನ್ನು ಹೊರತರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಪುಸ್ತಕಗಳನ್ನು ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಲೂಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿವೆ, 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆತಂದಿದೆ. ಧರ್ಮಕೇಂದ್ರದ ಒಂದು ಮೂಲೆಯಲ್ಲಿ ಒಂದು ಕಪಾಟು, ಅದರಲ್ಲಿ ಆರಿಸಿದ ಮೂವತ್ತು ಪುಸ್ತಕಗಳು, ಭಾನುವಾರದ ಪೂಜೆಯ ನಂತರ ಮನೆಗೆ ಒಯ್ಯುವ ಅವಕಾಶ: ಇದಕ್ಕೆ ದೊಡ್ಡ ನಿಧಿ ಬೇಕಾಗಿಲ್ಲ.

ಓದುಬಾರದ ಅಜ್ಜ ಅಜ್ಜಿಯರು ಹಿಂಜರಿಯಬೇಕಾಗಿಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ವು, ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯದಲ್ಲಿ ನುರಿತವರೆಂದು ಮೆಚ್ಚಿದೆ. ಅವರ ವಂಶದ ಅಜ್ಜಿ ಚಿತ್ರವನ್ನು ನೋಡಿ ತನ್ನ ಮಾತಿನಲ್ಲಿಯೇ ಕಥೆ ಕಟ್ಟಬಲ್ಲಳು. ಸೇಡಂನ ಮನೆಯ ತೆಲುಗಿನಲ್ಲಿ, ಚಿಂಚೋಳಿಯ ತಾಂಡಾದ ಲಂಬಾಣಿಯಲ್ಲಿ. ಬಿತ್ತುವವನ ಸಾಮತಿಯ ಚಿತ್ರದಲ್ಲಿ ಗೋಧಿಯಿದ್ದರೇನಂತೆ? ಕಲ್ಲುಹಾಸಿನ ಮೇಲಿನ ತೆಳುಮಣ್ಣಿನಲ್ಲಿ ಮೊಳೆತ ತೊಗರಿ ಹೇಗೆ ಬಾಡುವುದೆಂದು ನಮ್ಮ ಅಜ್ಜಿಯಷ್ಟು ಚೆನ್ನಾಗಿ ಯಾವ ಚಿತ್ರಕಾರನೂ ಹೇಳಲಾರ. ಕಥೆ ಮುಗಿದ ಮೇಲೆ ಮಗುವಿನ ಕೈಗೆ ಸೀಮೆಸುಣ್ಣ ಕೊಡಿರಿ. ಮನೆಯ ಹಾಸುಗಲ್ಲೇ ಹಲಗೆ. ಮಗು ಏನನ್ನು ದೊಡ್ಡದಾಗಿ ಬರೆಯುವುದೋ ಅದೇ ಅದರ ಮನಸ್ಸಿಗೆ ನಾಟಿದ್ದು.

ಮೊಬೈಲಿನ ವಿಷಯದಲ್ಲಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗಬೇಕು. ಒಂದೇ ಕೋಣೆಯ ಮನೆ. ಮಗು ಸದ್ದು ಮಾಡದಿರಲೆಂದು ತಾಯಿ ಮೊಬೈಲಿನಲ್ಲಿ ಬೈಬಲ್ ಕಾರ್ಟೂನ್ ಹಾಕಿ ಕೊಡುತ್ತಾಳೆ. ಅವಳ ಕಷ್ಟ ನನಗೆ ಗೊತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದನ್ನೂ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿದ್ದನ್ನೂ ಅವಳು ತಿಳಿದಿರಲಿ: ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಐದರೊಳಗಿನವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಕಾರ್ಟೂನಿನಲ್ಲಿ ದಾವೀದನಿದ್ದಾನೆಂದು ಆ ಗಂಟೆ ಉದ್ದವಾಗುವುದಿಲ್ಲ.

ಆದುದರಿಂದ ಮೂರು ಸಣ್ಣ ನಿಯಮಗಳನ್ನು ನಿಮ್ಮ ಮುಂದಿಡುತ್ತೇನೆ. ಮಗುವಿಗೆ ಕೊಡುವ ಮುನ್ನ ನೀವೇ ಪೂರ್ತಿ ನೋಡಿರಿ. ಕೊಟ್ಟ ಮೇಲೆ ಮಗುವಿನ ಜೊತೆಗಿರಿ. ಮುಗಿದ ಮೇಲೆ ಅರ್ಥ ಹೇಳಲು ಆತುರಪಡದೆ, ಮಗು ಏನು ಕೇಳುವುದೋ ಕಾದು ಕೇಳಿರಿ.

ಮೂರನೆಯದನ್ನು ನಾನು ಬಹಳ ತಡವಾಗಿ ಕಲಿತೆ. ನನ್ನ ಮಗಳು ಈಗ ಸ್ವತಃ ತಾಯಿ. ಕಳೆದ ತಪಸ್ಸುಕಾಲದಲ್ಲಿ ಆ ಹಳೆಯ ಸಂಜೆಯ ಮಾತೆತ್ತಿ, ಅವಳಲ್ಲಿ ಕ್ಷಮೆ ಕೇಳಿದೆ. ರಕ್ತವನ್ನು ಕಂಡು ಅಷ್ಟು ಹೆದರಿದೆಯಾ ಎಂದು ವಿಚಾರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಕ್ತ ಅಷ್ಟು ನೆನಪಿಲ್ಲ. ನಿಮ್ಮ ತೋಳು ಹಿಡಿದು ಎಷ್ಟು ಜಗ್ಗಿದರೂ ನೀವು ನನ್ನ ಕಡೆ ನೋಡಲೇ ಇಲ್ಲ. ಅದು ನೆನಪಿದೆ" ಎಂದಳು.

ಪ್ರಿಯ ಓದುಗರೇ, ಪ್ರಭುವನ್ನು ಪರದೆಯ ಮೇಲೆ ನೋಡುತ್ತ ಅಳುತ್ತಿದ್ದ ನನಗೆ, ಪಕ್ಕದಲ್ಲಿ ಅಳುತ್ತಿದ್ದ ಮಗು ಕಾಣಲಿಲ್ಲ. ಮಗುವನ್ನು ಸ್ವಾಗತಿಸುವವನು ತನ್ನನ್ನೇ ಸ್ವಾಗತಿಸುತ್ತಾನೆಂದು ಹೇಳಿದ ಪ್ರಭು ಆ ಸಂಜೆ ನನ್ನ ತೋಳನ್ನು ಜಗ್ಗುತ್ತಿದ್ದರೆಂದು ಈಗ ನನಗೆ ಅನ್ನಿಸುತ್ತದೆ. ಇಂದಾದರೆ ಎದ್ದು, ಅವಳನ್ನೆತ್ತಿಕೊಂಡು ಹೊರಗೆ ಬರುತ್ತಿದ್ದೆ. "ಯಾಕೆ ಹೊಡೆದರು?" ಎಂದು ಕೇಳಿದರೆ, "ಅವರು ಮಾಡಿದ್ದು ತಪ್ಪು ಮಗಳೇ. ಅಷ್ಟಾದರೂ ಯೇಸು ಅವರನ್ನು ಪ್ರೀತಿಸುವುದನ್ನು ಬಿಡಲಿಲ್ಲ. ನಿನ್ನನ್ನೂ ಬಿಡುವುದಿಲ್ಲ" ಎನ್ನುತ್ತಿದ್ದೆ. ಉಳಿದದ್ದು ಅವಳು ಬೆಳೆದಂತೆ ತಿಳಿಯುತ್ತಿತ್ತು.

ನಿಮ್ಮ ಮಕ್ಕಳು ಇನ್ನೂ ಚಿಕ್ಕವರು. ಈ ಸಂಜೆ ಅವರಲ್ಲೊಬ್ಬರು ಪುಸ್ತಕ ಹಿಡಿದು ನಿಮ್ಮ ತೊಡೆಯನ್ನು ಹುಡುಕಿ ಬರಬಹುದು. ಕೈಯಲ್ಲಿರುವುದನ್ನು ಒಂದು ಕ್ಷಣ ಪಕ್ಕಕ್ಕಿಟ್ಟು, ಮೊದಲು ಆ ಮುಖವನ್ನು ನೋಡಿರಿ. ಅದು ಕೇಳುತ್ತಿರುವುದು ರೊಟ್ಟಿ.